ಉಗುರಲ್ಲಿ ಹೋಗದ್ದು

ಜಾಲಹಳ್ಳಿ ಕ್ರಾಸಿನಲ್ಲಿ ಗಿಟಾರ್ ಚೀಲ ಹೆಗಲಿಗೆ ಹಾಕಿಕೊಂಡು ನಿಂತ ಗಂಡಸು ಯಾರೇ ಆಗಲಿ, ಹೊಟ್ಟೆ ಎಷ್ಟೇ ಮುಂದೆ ಬಂದಿರಲಿ, ಆಟೋದವರು ಒಂದು ಗಳಿಗೆ ಅವನಿಗೆ ಮರ್ಯಾದೆ ಕೊಡುತ್ತಾರೆ. ಅದು ಅವನಿಗೆ ಸಲ್ಲುವ ಮರ್ಯಾದೆಯಲ್ಲ. ಆಟೋ ಬೆನ್ನಿಗೆ ಅಂಟಿಸಿಕೊಂಡಿರುವ ಶಂಕರ್ ನಾಗ್‌ಗೆ ಸಲ್ಲುವಂಥದ್ದು. 1981ರಲ್ಲಿ ‘ಗೀತಾ’ ಸಿನಿಮಾ ಬಂದ ಮೇಲೆ ಕನ್ನಡಿಗರ ಪಾಲಿಗೆ ಗಿಟಾರ್ ಎಂದರೆ ಆ ಗಡ್ಡ, ಆ ನಗು, ಅಷ್ಟೇ.

“ಯಾವ ಹಾಡು ಬಾರಿಸ್ತೀರಾ ಸಾರ್?”

“ಹಾಡಲ್ಲಪ್ಪ, ಕ್ಲಾಸಿಕಲ್.”

“ಓ, ದೇವರ ನಾಮ.” ಮೀಟರ್ ಮೇಲೆ ಮೂವತ್ತು ಕೊಡಿ ಅನ್ನುವ ಹೊತ್ತಿಗೆ ಮರ್ಯಾದೆ ಮುಗಿದಿರುತ್ತದೆ.

ಐವತ್ತು ದಾಟಿದವರು ಸಾಮಾನ್ಯವಾಗಿ ವಾಕಿಂಗ್, ಸಿರಿಧಾನ್ಯ, ಸೈಟಿನ ವ್ಯಾಜ್ಯ, ಈ ಮೂರರಲ್ಲಿ ಒಂದನ್ನು ಹಿಡಿಯುತ್ತಾರೆ. ನಾನು ಗಿಟಾರ್ ಹಿಡಿದೆ. ಆರ್.ಟಿ. ನಗರದಲ್ಲಿ 1987ರಿಂದಲೂ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇದೆ. ಅಂಥ ಜಾಗದಲ್ಲಿ ನನ್ನ ಕೈ ತೋರಿಸುವ ಧೈರ್ಯ ಬರಲಿಲ್ಲ. ಬಿಇಎಲ್ ಸರ್ಕಲ್ ಕಡೆ ಟ್ಯೂಷನ್ ಸೆಂಟರೊಂದರ ಮಹಡಿಯಲ್ಲಿ ಪಾಠ ಹೇಳುವ ಹುಡುಗನ ಬಳಿ ಸೇರಿಕೊಂಡೆ. ಅವನಿಗೆ ನನ್ನ ಅರ್ಧ ವಯಸ್ಸು. ನಾನು ಅವನನ್ನು ಸಾರ್ ಅನ್ನುತ್ತೇನೆ, ಅವನು ನನ್ನನ್ನು ಅಂಕಲ್ ಅನ್ನುತ್ತಾನೆ. ಉಳಿದ ವಿದ್ಯಾರ್ಥಿಗಳೆಲ್ಲ ಶಾಲಾ ಮಕ್ಕಳು. ಟ್ರಿನಿಟಿ ಕಾಲೇಜಿನ ಮೂರನೇ ಗ್ರೇಡ್ ಪಾಸಾದ, ಎರಡು ಜಡೆಯ ಪುಟ್ಟಿಯೊಬ್ಬಳು ನನ್ನ ಬಲಗೈಯನ್ನೇ ದಿಟ್ಟಿಸಿ, “ಅಂಕಲ್, ಹೆಬ್ಬೆರಳು ಬೇರೆ ಬೆರಳುಗಳಿಗಿಂತ ಮುಂದಿರಬೇಕು, ಒಳಗೆ ನುಗ್ಗಬಾರದು” ಎಂದಳು. ತಂತಿಯ ಮೇಲೆ ಬೆರಳುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದಕ್ಕೆ ಅದೇ ಕಾರಣವಂತೆ. ಆಫೀಸಿನಲ್ಲಿ ನನ್ನ ಕೈಕೆಳಗೆ ಹನ್ನೆರಡು ಜನ ಇದ್ದಾರೆ ಎಂದು ಅವಳಿಗೆ ಹೇಳಬೇಕೆನಿಸಿತು.

ಕ್ಲಾಸಿಕಲ್ ಗಿಟಾರ್ ಹಿಡಿಯುವ ಭಂಗಿಯೇ ಬೇರೆ. ವಾದ್ಯ ಕೂರುವುದು ಎಡತೊಡೆಯ ಮೇಲೆ. ಎಡಗಾಲ ಕೆಳಗೆ ಒಂದು ಗೇಣಿಗಿಂತ ಕಡಿಮೆ ಎತ್ತರದ ಕಾಲುಮಣೆ ಬೇಕು. ಮನೆಯಲ್ಲಿ ಆ ಎತ್ತರಕ್ಕೆ ಹೇಳಿ ಮಾಡಿಸಿದಂತಿದ್ದ ಮಣೆ ಒಂದೇ, ಅದು ದೇವರ ಕೋಣೆಯದು. ವರಮಹಾಲಕ್ಷ್ಮಿ ಕೂರುವ ಮಣೆಯ ಮೇಲೆ ನನ್ನ ಪಾದ ಕಂಡ ನನ್ನಾಕೆ ಬೈಯಲಿಲ್ಲ. ಮಣೆಯನ್ನು ಎತ್ತಿಕೊಂಡು ಹೋಗಿ ಅರಿಶಿನದ ನೀರಲ್ಲಿ ತೊಳೆದು ಬಿಸಿಲಿಗಿಟ್ಟಳು. ನಂತರ ಒಂದು ವಾರ ನನಗೆ ಬಡಿಸಿದ ಸಾರಿನಲ್ಲಿ ಒಗ್ಗರಣೆ ಇರಲಿಲ್ಲ.

ನಿಜವಾದ ಪಜೀತಿ ಉಗುರಿನದು. ಈ ಗಿಟಾರಿಗೆ ಪಿಕ್ ಇಲ್ಲ. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳು ಈ ನಾಲ್ಕರ ಉಗುರೇ ಮೀಟುಕಡ್ಡಿ. ಕಿರುಬೆರಳಿಗೆ ಕೆಲಸವಿಲ್ಲ. ಎಡಗೈಯಲ್ಲಿ ಮಾತ್ರ ಉಗುರು ಬುಡಮಟ್ಟ ಕತ್ತರಿಸಿರಬೇಕು, ಇಲ್ಲದಿದ್ದರೆ ತಂತಿ ಒತ್ತಲಾಗದು. ನಮ್ಮ ಗಂಡಸರು ಉಗುರು ಬಿಡುವುದೇ ಕಿರುಬೆರಳಲ್ಲಿ, ಅದೂ ಕಿವಿಯ ಹಿತಕ್ಕಾಗಿ. ನಾನು ಅದೊಂದನ್ನು ಕತ್ತರಿಸಿ ಉಳಿದ ನಾಲ್ಕನ್ನು ಬಿಟ್ಟೆ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಹೆಣ್ಣುಮಗಳು ನನ್ನ ಎರಡೂ ಕೈ ನೋಡಿ, ಮುಖ ನೋಡಿ, ಮತ್ತೆ ಕೈ ನೋಡಿ, “ಹರಕೆನಾ ಸಾರ್?” ಅಂದಳು.

ಹೌದು ಅಂದುಬಿಟ್ಟೆ. ವಿವರಿಸುವುದಕ್ಕಿಂತ ಸುಲಭ.

ಉಗುರು ಬಿಟ್ಟರೆ ಸಾಲದು, ಅಂಚು ಗಾಜಿನ ಹಾಗೆ ನುಣುಪಾಗಿರಬೇಕು, ಇಲ್ಲದಿದ್ದರೆ ನೈಲಾನ್ ತಂತಿ ಕರಕರ ಅನ್ನುತ್ತದೆ. ಸಾರ್ ಹೇಳಿದಂತೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಎರಡು ಸಾವಿರ ನಂಬರಿನ ವಾಟರ್ ಪೇಪರ್ ಕೇಳಿದೆ. “ಯಾವ ಗಾಡಿ ಸಾರ್, ಬಂಪರ್ರಾ, ಬಾನೆಟ್ಟಾ?” ಎಂದ ಅಂಗಡಿಯವನಿಗೆ ಉಗುರು ತೋರಿಸಿದೆ. ಅವನು ಒಂದು ಹಾಳೆ ಕೊಟ್ಟು ದುಡ್ಡು ಬೇಡ ಅಂದ. ಕನಿಕರವೋ ಭಯವೋ ತಿಳಿಯಲಿಲ್ಲ. ಇಷ್ಟೆಲ್ಲ ಪಾಲಿಶ್ ಆದ ಉಗುರಲ್ಲಿ ಮುದ್ದೆ ಮುರಿಯುವುದು ಹೇಗೆಂದು ಯಾವ ಸ್ಪೇನಿನ ಪುಸ್ತಕದಲ್ಲೂ ಬರೆದಿಲ್ಲ. ಬಿಸಿ ಮುದ್ದೆ ಉಗುರಿನ ಸಂದಿಗೆ ಹೋಗಿ ಕೂತರೆ ಒಣಗಿ ಸಿಮೆಂಟಾಗುತ್ತದೆ. ಬಸ್ಸಾರಿನ ಅರಿಶಿನ ಅದರ ಮೇಲೆ ಬಣ್ಣ ಬಳಿಯುತ್ತದೆ. ಚಮಚದಲ್ಲಿ ಮುದ್ದೆ ತಿಂದೆ. ಅದನ್ನು ಮಾವನವರು ನೋಡಿದರು. ಹೆಚ್ಚಿಗೆ ಬರೆಯಲಾರೆ.

ಇನ್ನು ಅಭ್ಯಾಸ. ಇಟಲಿಯ ಮಾವ್ರೊ ಜೂಲಿಯಾನಿ ತನ್ನ ಓಪಸ್ 1ರಲ್ಲಿ ಬಲಗೈಗೆಂದೇ 120 ವ್ಯಾಯಾಮ ಬರೆದಿಟ್ಟಿದ್ದಾನೆ. ನೂರಿಪ್ಪತ್ತೂ ಅವೇ ಎರಡು ಕಾರ್ಡ್‌ಗಳ ಮೇಲೆ. ಮಾಯಾಮಾಳವಗೌಳದ ಸರಳೆ ವರಸೆಯನ್ನು ಮೂರು ಕಾಲದಲ್ಲಿ ಕೇಳಿ ಬೆಳೆದ ನನ್ನಾಕೆಗೂ ಅದನ್ನು ಎರಡು ವಾರಕ್ಕಿಂತ ಹೆಚ್ಚು ತಡೆಯಲಾಗಲಿಲ್ಲ. ಆಮೇಲೆ ಬಂದವನು ಮತ್ತೇಯೊ ಕಾರ್ಕಾಸಿ, ಅವನೂ ಇಟಲಿಯವನೇ. ಅವನ ಓಪಸ್ 60ರಲ್ಲಿ 25 ಪಾಠಗಳಿವೆ, ನನಗೆ ಸಿಕ್ಕಿದ್ದು ಮೂರನೆಯದು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಇಟಲಿಯ ಯುದ್ಧಕೈದಿಗಳನ್ನು ತಂದು ಇದೇ ಜಾಲಹಳ್ಳಿಯ ಶಿಬಿರದಲ್ಲಿ ಇಟ್ಟಿದ್ದರು. ಈಗ ಜಾಲಹಳ್ಳಿಯವನೊಬ್ಬ ಇಬ್ಬರು ಇಟಲಿಯವರ ಕೈಸೆರೆಯಾಗಿದ್ದಾನೆ. ಲೆಕ್ಕ ಚುಕ್ತಾ.

ಬೆಳಗ್ಗೆ ಐದಕ್ಕೆ ಏಳುವ ಟೈಮ್‌ಟೇಬಲ್ ಬರೆದೆ. ಹದಿನೈದು ನಿಮಿಷ ಸ್ಕೇಲು, ಹದಿನೈದು ಜೂಲಿಯಾನಿ, ಅರ್ಧ ಗಂಟೆ ಕಾರ್ಕಾಸಿ, ಮೂರಕ್ಕೂ ಮೂರು ಬಣ್ಣದ ಪೆನ್ನು. ಟೈಮ್‌ಟೇಬಲ್ ಎಷ್ಟು ಅಂದವಾಗಿತ್ತೆಂದರೆ ಅದನ್ನು ನೋಡುವುದರಲ್ಲೇ ಮೊದಲ ಹದಿನೈದು ನಿಮಿಷ ಕಳೆಯುತ್ತಿತ್ತು. ನುಡಿಸಲು ಕೂತರೆ ನನ್ನದೊಂದೇ ಪದ್ಧತಿ: ಮೊದಲಿಂದ ಶುರು ಮಾಡುವುದು, ಸ್ವರಲಿಪಿಯ ಒಂಬತ್ತನೇ ಪಟ್ಟಿಯಲ್ಲಿ ಎಡವುವುದು, ಮತ್ತೆ ಮೊದಲಿಂದ ಶುರು ಮಾಡುವುದು. ಮೊದಲ ಎಂಟು ಪಟ್ಟಿ ಗಿಟಾರ್ ದಿಗ್ಗಜ ಆಂಡ್ರೆಸ್ ಸೆಗೋವಿಯಾ, ಒಂಬತ್ತನೆಯದು ನಾನು.

ಗೋಡೆಯಾಚೆ ಇರುವವರು ಎಚ್‌ಎಂಟಿ ವಾಚ್ ಫ್ಯಾಕ್ಟರಿಯಿಂದ ನಿವೃತ್ತರಾದ ಯಜಮಾನರು. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಇಲ್ಲಿ ಶುರುವಾದ ಆ ಫ್ಯಾಕ್ಟರಿಯಲ್ಲಿ ಜೀವಮಾನವಿಡೀ ವಾಚು ಜೋಡಿಸಿದ ಕಿವಿ ಅವರದು. ಒಂದು ಸಂಜೆ ಗೇಟಿನ ಬಳಿ ನಿಲ್ಲಿಸಿಕೊಂಡು ಕೇಳಿದರು: “ತಪ್ಪು ತಿಳ್ಕೋಬೇಡಿ. ಆ ಹಾಡಿಗೆ ಕೊನೆ ಅಂತ ಏನಾದ್ರೂ ಇದೆಯಾ?”

“ಇದೆ ಸಾರ್, ಇನ್ನೂ ಅಲ್ಲಿಗೆ ಹೋಗಿಲ್ಲ.”

“ಟಿಕ್ ಟಿಕ್ ಅನ್ನಿಸ್ಕೊಂಡು ನುಡಿಸ್ತೀರಲ್ಲ, ಅದರ ಟಿಕ್ಕು ಸರಿಯಾಗಿದೆ. ನೀವು ಮೊದಮೊದಲು ಫಾಸ್ಟು, ಆಮೇಲೆ ಸ್ಲೋ.” ಕೈಯಲ್ಲಿದ್ದ ಜನತಾ ವಾಚನ್ನು ನನ್ನ ಕಿವಿಗಿಟ್ಟರು. “ಕೇಳಿ. ಸೆಕೆಂಡಿಗೆ ಐದು ಸಲ. ಗಂಟೆಗೆ ಹದಿನೆಂಟು ಸಾವಿರ. ಒಂದು ಹಲ್ಲು ಸವೆದಿದ್ರೆ ವಾಚು ಅಲ್ಲೇ ನಿಲ್ಲತ್ತೆ. ಅದಕ್ಕೆ ಇಡೀ ವಾಚಿಗೆ ಮತ್ತೆ ಮತ್ತೆ ಕೀ ಕೊಡ್ತಾರಾ? ಆ ಹಲ್ಲು ನೋಡ್ತಾರೆ.”

ಕಾಸು ಕೊಟ್ಟು ಕಲಿಯುವಲ್ಲಿ ಸಾರ್ ಕೂಡ ಇದನ್ನೇ ಹೇಳಿದ್ದ: ತಪ್ಪುವ ಜಾಗದ ಹಿಂದೊಂದು ಪಟ್ಟಿ, ಮುಂದೊಂದು ಪಟ್ಟಿ, ಅಷ್ಟನ್ನೇ, ಅರ್ಧ ವೇಗದಲ್ಲಿ. ಪುಕ್ಕಟೆ ಹೇಳಿದ್ದು ಯಾಕೋ ತಲೆಗೆ ಹೋಯಿತು. ಒಂಬತ್ತನೇ ಪಟ್ಟಿಯೊಂದನ್ನೇ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ನಲವತ್ತಕ್ಕಿಟ್ಟು ನುಡಿಸತೊಡಗಿದೆ. ಬೆರಳು ಹೊರಡುವ ಮೊದಲೇ ಎಲ್ಲಿಗೆ ಹೋಗಬೇಕೆಂದು ತಿಳಿಯುವಷ್ಟು ನಿಧಾನ. ಮಹಾ ಬೇಜಾರಿನ ಕೆಲಸ. ಎಡವಿದಾಗಲೆಲ್ಲ ಗೋಡೆಯಾಚೆಯಿಂದ ‘ಟಕ್’ ಎಂದು ಒಂದು ಸದ್ದು, ಬೀಗದಕೈಯದಿರಬೇಕು. ದಿನ ಕಳೆದಂತೆ ಟಕ್ ಕಡಿಮೆಯಾಯಿತು. ಒಂದು ದಿನ ಬರಲೇ ಇಲ್ಲ. ಗೆದ್ದೆ ಎಂದುಕೊಂಡೆ. ಯಜಮಾನರು ತಿಪಟೂರಿನ ಮದುವೆಗೆ ಹೋಗಿದ್ದರು.

ಅಷ್ಟರಲ್ಲಿ ನವೆಂಬರ್ ಬಂತು. ಬೆಂಗಳೂರಿನಲ್ಲಿ ರಾಜ್ಯೋತ್ಸವ ಒಂದನೇ ತಾರೀಕು ಶುರುವಾದರೆ ಮೂವತ್ತರವರೆಗೂ ನಡೆಯುತ್ತದೆ. ನಮ್ಮ ಬಡಾವಣೆಯವರು ಮಕ್ಕಳ ಕೋಲಾಟಕ್ಕೂ ಆರ್ಕೆಸ್ಟ್ರಾಕ್ಕೂ ನಡುವೆ ಐದು ನಿಮಿಷದ ಸಂದು ತುಂಬಲು ನನ್ನನ್ನು ಹಿಡಿದರು. ಕಾರ್ಯಕ್ರಮದ ಬೆಳಗ್ಗೆ ಅಡುಗೆಮನೆಯಿಂದ “ರೀ, ಸಿಲಿಂಡರ್ ಖಾಲಿ” ಎಂಬ ಕೂಗು. ಹೊಸ ಸಿಲಿಂಡರಿನ ಮುಚ್ಚಳಕ್ಕೆ ಕಟ್ಟಿರುತ್ತಾರಲ್ಲ, ಆ ಬಿಳಿ ನೈಲಾನ್ ದಾರ. ಎಳೆದೆ. ಮುಚ್ಚಳ ಬರಲಿಲ್ಲ, ಉಂಗುರಬೆರಳ ಉಗುರು ಬಂತು. ಕಾರ್ಕಾಸಿಯ ಮೂರನೇ ಪಾಠದಲ್ಲಿ ರಾಗವನ್ನೆಲ್ಲ ಹೊರುವುದು ಆ ಬೆರಳೇ. ಗಿಟಾರಿಗೆ ಮೊದಲು ಕುರಿಯ ಕರುಳಿನ ತಂತಿ ಇತ್ತಂತೆ. ಮಹಾಯುದ್ಧದಲ್ಲಿ ಕರುಳು ಸಿಗದೆ 1940ರ ದಶಕದಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟಿನ್ ನೈಲಾನ್ ತಂತಿ ಮಾಡಿ ಸೆಗೋವಿಯಾನ ಕೈಗಿತ್ತ. ಆ ನೈಲಾನಿಗೆಂದು ಸಾಕಿದ ಉಗುರನ್ನು ಈ ನೈಲಾನ್ ತಿಂದಿತು.

ಸಾರ್‌ಗೆ ಫೋನ್ ಮಾಡಿದೆ. ದೊಡ್ಡ ದೊಡ್ಡ ಕಲಾವಿದರೂ ಮಾಡುವ ಉಪಾಯವೊಂದಿದೆ ಎಂದ. ಟೇಬಲ್ ಟೆನಿಸ್ ಚೆಂಡನ್ನು ಉಗುರಿನಾಕಾರಕ್ಕೆ ಕತ್ತರಿಸಿ, ಗಟ್ಟಿ ಗೋಂದು ಹಾಕಿ ಉಗುರಿನಡಿ ಅಂಟಿಸುವುದು; ಚೆಂಡಿನ ಬಾಗು ಉಗುರಿನ ಬಾಗಿಗೆ ಸರಿಹೊಂದುತ್ತದಂತೆ. ಅಟ್ಟದಲ್ಲಿ ಮಗಳ ಹಳೇ ಚೆಂಡು ಸಿಕ್ಕಿತು. ಕತ್ತರಿಸಿದೆ, ಗೋಂದು ಹಾಕಿದೆ, ಒತ್ತಿ ಹಿಡಿದೆ. ಉಗುರು ಅಂಟಿತು, ಒತ್ತಿ ಹಿಡಿದ ಹೆಬ್ಬೆರಳೂ ಅದಕ್ಕೆ ಅಂಟಿತು. ಎರಡು ಬೆರಳು ಜೋಡಿಸಿಕೊಂಡು ಪೃಥ್ವಿಮುದ್ರೆಯಲ್ಲಿ ಕೂತ ನನ್ನನ್ನು ಕಂಡು ಮಗಳು, “ಅಪ್ಪಾ, ಈಗ ಧ್ಯಾನ ಬೇರೆನಾ?” ಎಂದಳು. ನನ್ನಾಕೆ ನೇಲ್ ಪಾಲಿಶ್ ತೆಗೆಯುವ ನೀರು ತಂದು ಬಿಡಿಸಿದಳು. ನನ್ನ ಸಂಗೀತಕ್ಕೆ ಅವಳಿಂದ ಸಂದ ಮೊದಲ ನೆರವು ಅದು.

ವೇದಿಕೆ ಹತ್ತಿದೆ. ಮುಂದಿನ ಸಾಲಲ್ಲಿ ಯಜಮಾನರು, ಮೈಕಿನ ಹುಡುಗ, ಚುರುಮುರಿ ತಿನ್ನುವ ಮಕ್ಕಳು. ಎಂಟು ಪಟ್ಟಿ ದಾಟಿತು. ಒಂಬತ್ತೂ ದಾಟಿತು! ಆ ಖುಷಿಗೆ ಬೆರಳು ತುಸು ಜೋರಾಗಿ ಬಿತ್ತು, ಚೆಂಡಿನ ಉಗುರು ಹಾರಿ ಒಬ್ಬ ಹುಡುಗನ ಚುರುಮುರಿಯಲ್ಲಿ ಮಾಯವಾಯಿತು. ನಾನು ನಿಲ್ಲಿಸಲಿಲ್ಲ. ಬರಿ ಬೆರಳಲ್ಲೇ ಕೊನೆ ಮುಟ್ಟಿದೆ. ಕಾರ್ಕಾಸಿಯ ಕೊನೆಯ ಸ್ವರ ನನ್ನ ಕೈಯಿಂದ ಹೊರಟ ಮೊದಲ ಸಂದರ್ಭ ಅದು. 1971ರಲ್ಲಿ ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನೆರವಿಗೆ ನಡೆದ ಕಛೇರಿಯಲ್ಲಿ ಪಂಡಿತ್ ರವಿಶಂಕರ್ ಸಿತಾರ್ ಶ್ರುತಿ ಮಾಡಿಕೊಂಡಿದ್ದಕ್ಕೇ ಜನ ಚಪ್ಪಾಳೆ ತಟ್ಟಿದ್ದರು. ಇಲ್ಲಿ ನಿರೂಪಕರು ಮೈಕ್ ಹಿಡಿದು, “ಶ್ರುತಿ ಸರಿಹೋಯ್ತಲ್ಲ ಸಾರ್? ಶುರು ಮಾಡಿ” ಎಂದರು.

ಶುರು ಮಾಡಿದೆ. ಅದನ್ನೇ. ಎರಡನೇ ಸಲಕ್ಕೆ ಜನಕ್ಕೆ ರಾಗ ಪರಿಚಯವಾಗಿತ್ತು, ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು, ಗೋಡೆ ಗಡಿಯಾರವೊಂದನ್ನು ಸ್ಮರಣಿಕೆ ಎಂದು ಕೈಗಿಟ್ಟರು.

ಕೆಳಗಿಳಿಯುತ್ತಲೇ ಯಜಮಾನರು ಗಡಿಯಾರ ಈಸಿಕೊಂಡು ಹಿಂದೆ ಮುಂದೆ ತಿರುಗಿಸಿದರು. “ಕ್ವಾರ್ಟ್ಜ್. ಸೆಕೆಂಡಿಗೆ ಒಂದೇ ಟಿಕ್ಕು. ಅರವತ್ತರ ವೇಗಕ್ಕೆ ನಿಮಗೆ ಬೇರೆ ಮೆಷಿನ್ ಬೇಡ.” ಮುಚ್ಚಳ ತೆಗೆದು ಒಳಗೆ ಇಣುಕಿದರು. “ಆದ್ರೆ ಸೆಲ್ಲು ಹಾಕಿಲ್ಲ ಇವ್ರು.”