ಬೆಲ್ಟಿಗೆ ಗಡ್ಡ ಬಂದದ್ದು

ನಮ್ಮ ಹೊಸ ಮನೆಯಲ್ಲಿ ಮೊದಲು ಗಡ್ಡ ಬಿಟ್ಟದ್ದು ನನ್ನ ಬೆಲ್ಟು. ಮನೆ ಹೊಕ್ಕು ಎರಡು ತಿಂಗಳೂ ಆಗಿರಲಿಲ್ಲ. ಆಫೀಸಿಗೆ ಹೊತ್ತಾಯಿತೆಂದು ಬೀರು ತೆಗೆದರೆ, ಕರಿ ಚರ್ಮದ ಮೇಲೆ ನರೆತ ಬೂಷ್ಟು; ಬಕಲ್ಲಿನ ಹತ್ತಿರ ತುಸು ಹಸಿರು. "ರೀ, ಮೊದಲು ಅದಕ್ಕೆ ಕ್ಷೌರ ಮಾಡ್ಸಿ, ಆಮೇಲೆ ಸೊಂಟಕ್ಕೆ ಸುತ್ಕೊಳ್ಳಿ" ಎಂದಳು ಮಡದಿ. ಅವಳ ನಗು ಹೆಚ್ಚು ಹೊತ್ತು ಬಾಳಲಿಲ್ಲ. ಕೆಳಗಿನ ಅರೆಯಲ್ಲಿ ಗೃಹಪ್ರವೇಶಕ್ಕೆ ಉಟ್ಟ ರೇಷ್ಮೆ ಸೀರೆಯಿತ್ತು.

ತೀರ್ಥಹಳ್ಳಿ ಸೀಮೆಯವರು ನಾವು. ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಸುರಿಸಿಕೊಳ್ಳುವ ಆಗುಂಬೆ ನೆರೆಮನೆಯಿದ್ದ ಹಾಗೆ. ಹಾಗಾಗಿ ತಪ್ಪನ್ನೆಲ್ಲ ಮಳೆಯ ತಲೆಗೆ ಕಟ್ಟಿ ಕೈತೊಳೆದುಕೊಂಡಿದ್ದೆ. ಕೈ ಒರೆಸಲು ಒಣ ಟವೆಲ್ಲು ಇರಲಿಲ್ಲ, ಅಷ್ಟೆ.

ಹೊಸ ಮನೆ ನೋಡಲು ಬಂದವರು ಕಾಫಿಗೆ ಮುಂಚೆ ಗೋಡೆಗೆ ಅಂಗೈ ಇಟ್ಟು ಜ್ವರ ನೋಡುತ್ತಿದ್ದರು. ಷಡ್ಡಕರು ಟೆರೇಸಿನ ಇಳಿಜಾರನ್ನು ಅನುಮಾನಿಸಿದರು. ಸೋದರಮಾವ, "ಈಶಾನ್ಯದಲ್ಲಿ ನೀರಿರಬೇಕು ಕಣೋ" ಎಂದರು. "ಎಂಟೂ ದಿಕ್ಕಿನಲ್ಲಿದೆ ಮಾವ" ಎಂದೆ. ಪೇಂಟಿನವನದು ಒಂದೇ ಮಂತ್ರ: "ಇನ್ನೊಂದು ಕೋಟ್ ಹೊಡೆದುಬಿಡಣ ಸಾರ್."

ಕಡೆಗೆ ಮುದುಕ ಮೇಸ್ತ್ರಿಯನ್ನೇ ಕರೆಸಿದೆ. ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಉಗುರಲ್ಲಿ ಒಮ್ಮೆ ಕೆರೆದ. ಪೇಂಟು, ಪುಟ್ಟಿ ಎರಡೂ ಸಂಡಿಗೆಯ ಹಾಗೆ ಎದ್ದು ಬಂದವು. ಹಿಂದೆ ಬಿಳಿ ಪುಡಿ. ಬೆರಳಲ್ಲಿ ತಿಕ್ಕಿ ನೋಡಿ, "ಉಪ್ಪು. ಒಳಗಿನ ನೀರು ಹೊರಗೆ ಬರೋವಾಗ ಹೊತ್ಕೊಂಡು ಬಂದಿದೆ" ಎಂದ. "ಸಿಮೆಂಟು ಎಷ್ಟು ಚೀಲ ಆಯ್ತು ಸಾರ್?"

ಐನೂರರ ಹತ್ತಿರ. ಆಮೇಲೆ ಕೂತು ಲೆಕ್ಕ ಹಾಕಿದೆ. 50 ಕೆ.ಜಿ.ಯ ಚೀಲಕ್ಕೆ ಕಲಸುವಾಗ ಸುಮಾರು 25 ಲೀಟರು ನೀರು. ಗಟ್ಟಿಯಾಗಲು ಸಿಮೆಂಟಿಗೆ ಬೇಕಾದದ್ದು ತನ್ನ ತೂಕದ ಕಾಲು ಭಾಗದಷ್ಟು ಮಾತ್ರ. ಉಳಿದರ್ಧ ಗೋಡೆಯಿಂದ ಆವಿಯಾಗಿಯೇ ಹೋಗಬೇಕು. ಐನೂರು ಚೀಲಕ್ಕೆ 6,000 ಲೀಟರಿಗೂ ಮೇಲೆ, ಅಂದರೆ ಒಂದು ಟ್ಯಾಂಕರು! ಇದರ ಮೇಲೆ ಕ್ಯೂರಿಂಗ್ ಎಂದು ಬೆಳಿಗ್ಗೆ ಸಂಜೆ ಪೈಪು ಹಿಡಿದು ನಿಂತವನು ನಾನೇ. ತುಳಸಿಗೆ ಒಂದು ಚೊಂಬು ನೀರು ಹಾಕದವನು ಗೋಡೆಗೆ ಅಭಿಷೇಕ ಮಾಡಿದ್ದೆ. ಅದು ತಪ್ಪಲ್ಲ, ನೀರುಣಿಸದಿದ್ದರೆ ಗಾರೆ ಬಿರುಕು ಬಿಡುತ್ತದೆ. ಒಣಗಲು ಬಿಡದಿದ್ದುದು ತಪ್ಪು. ಆಷಾಢ ಬರುತ್ತೆ, ಆಷಾಢ ಬರುತ್ತೆ ಎಂದು ಗಾರೆಯ ಹಸಿ ಆರುವ ಮೊದಲೇ ಪುಟ್ಟಿ ಬಳಿಸಿ, ಮೇಲೆ ಮಿರಿಮಿರಿ ಮಿಂಚುವ ಪೇಂಟು ಹೊಡೆಸಿ, ಟ್ಯಾಂಕರನ್ನು ಒಳಗೇ ಕೂಡಿಹಾಕಿದೆವು. ನಮಗೆ ಮುಹೂರ್ತ ನೋಡಿದ ಪುರೋಹಿತರು ಗೋಡೆಯ ಜಾತಕ ಕೇಳಲಿಲ್ಲ.

"ನಮ್ಮ ಕಾಲ್ದಲ್ಲಿ ಮಳೆಗಾಲಕ್ಕೆ ಗೋಡೆಗೆ ಹೊರಗಿಂದ ಅಡಿಕೆ ಸೋಗೆ ತಟ್ಟಿ ಕಟ್ತಿದ್ವಿ" ಎಂದರು ಅಮ್ಮ, ಎಲೆ ಅಡಿಕೆ ಮೆಲ್ಲುತ್ತ. "ನೀವು ರೈನ್‌ಕೋಟನ್ನ ಒಳಗಡೆಯಿಂದ ಹಾಕ್ಸಿದೀರಿ."

ಹಾಲ್‌ನ ಗೋಡೆ ಯಾಕೆ ಒದ್ದೆ ಎಂಬುದು ಮಾತ್ರ ಬಗೆಹರಿಯಲಿಲ್ಲ. ಅದಕ್ಕೊಂದು ಪರೀಕ್ಷೆಯಿದೆ. ಎರಡಡಿ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಟೇಪು ಹಚ್ಚಿ ಒಂದು ದಿನ ಬಿಡಬೇಕು. ಹಾಳೆಯ ಹಿಂದೆ ಹನಿ ಕಟ್ಟಿದರೆ ನೀರು ಗೋಡೆಯದು, ಮುಂದೆ ಕಟ್ಟಿದರೆ ಕೋಣೆಯದು. ಹಾಲ್‌ನ ಹಾಳೆಗೆ ಮುಂದೆಯೇ ಹನಿ. ಮಡದಿ ಮಾತಾಡದೆ ತಲೆಯೆತ್ತಿ ನೋಡಿದಳು. ಮೇಲೆ ನಾನೇ ಕಟ್ಟಿದ ನೈಲಾನ್ ಹಗ್ಗ, ಅದರ ತುಂಬ ಮನೆಮಂದಿಯ ಒದ್ದೆ ಬಟ್ಟೆ. ಎರಚಲು ಬರುತ್ತದೆಂದು ಕಿಟಕಿಗಳೆಲ್ಲ ಬಂದ್. ಬಟ್ಟೆ ಬಿಟ್ಟ ನೀರು ಇನ್ನೆಲ್ಲಿಗೆ ಹೋದೀತು, ಪಾಪ!

ನನ್ನ ಪುಣ್ಯಕ್ಕೆ ಮಲಗುವ ಕೋಣೆಯ ಬುಡದ ಹಾಳೆ ಹಿಂದಿನಿಂದ ಒದ್ದೆಯಾಗಿತ್ತು. ಮೇಸ್ತ್ರಿ ಹೊರಗೆ ಹೋಗಿ ನೋಡಿ ಬಂದ. "ನೆಲದ ಥಂಡಿ ಮೇಲೆ ಹತ್ತಬಾರದು ಅಂತ ಪಾಯದ ಮೇಲೆ ಡಿಪಿಸಿ ಹಾಕಿದ್ದೆ. ಅದನ್ನೂ ದಾಟಿ ಗೋಡೆಗೆ ಮಣ್ಣು ಏರಿಸಿದ್ದು ಯಾರು?" ಅದು ಮಡದಿಯ ಆಂಥೂರಿಯಂ ಪಾತಿ. ಈ ಸಲ ತಲೆಯೆತ್ತಿ ನೋಡಿದ್ದು ನಾನು.

ಈಗ ಪಾತಿಯ ಮಣ್ಣು ತೆಗೆದಾಗಿದೆ, ಬೀರು ಗೋಡೆಯಿಂದ ಅರ್ಧ ಅಡಿ ಈಚೆಗೆ ಬಂದಿದೆ. ಹಗ್ಗ ಕಾರಿನ ಶೆಡ್ಡಿಗೆ ಹೋಗಿದೆ, ಕಾರು ಮಳೆಗೆ. ಮಳೆ ಬಿಟ್ಟಾಗಲೆಲ್ಲ ಕಿಟಕಿ ತೆಗೆಯುತ್ತೇವೆ. ಗೋಡೆಯ ಸಡಿಲು ಪುಟ್ಟಿ ಕೆರೆಸಿ, ಹಾಗೇ ಕಜ್ಜಿ ಹಿಡಿದಂತೆ ಬಿಟ್ಟಿದ್ದೇವೆ. ಪೇಂಟಿನವನು ವಾರಕ್ಕೊಮ್ಮೆ ಫೋನು ಮಾಡುತ್ತಾನೆ: "ದಸರಾ ಒಳಗೆ ಮುಗಿಸ್ತೀನಿ ಸಾರ್, ದಿನ ಚೆನ್ನಾಗಿದೆ." ಯುಗಾದಿಗೆ ಮೊದಲು ಬ್ರಷ್ ಹಿಡಿದು ಈ ಕಡೆ ಬಂದರೆ ನಾಯಿ ಬಿಡುತ್ತೇನೆಂದು ಹೇಳಿದ್ದೇನೆ.

ಬೆಲ್ಟು ಸದ್ಯ ಬಚ್ಚಲ ಒಲೆಯ ಮೇಲೆ, ಮೊಳೆಗೆ ತೂಗುತ್ತಿದೆ. ಗಡ್ಡ ಹೋಗಿದೆ. ಆಫೀಸಿನಲ್ಲಿ ಪಕ್ಕದ ಕುರ್ಚಿಯವರು ಮಾತ್ರ ದಿನಾ ಮೂಗರಳಿಸುತ್ತಾರೆ: "ಏನ್ಸಾರ್, ಡಬ್ಬಿಲಿ ಸುಟ್ಟ ಹಪ್ಪಳನಾ?"