‘ನನ್ನ ಒಪ್ಪಿಗೆ ಯಾರು ಕೇಳ್ಯಾರ?’: ಕುಡಚಿ ಬದನಿಗಿಡದ ಸಂದರ್ಶನ

ರಾಯಬಾಗ ತಾಲ್ಲೂಕಿನ ಕುಡಚಿ. ಸುತ್ತ ಕಬ್ಬು, ಕಬ್ಬಿನಾಚೆ ಮತ್ತೂ ಕಬ್ಬು. ಒಂದು ಮನೆಯ ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವ ಮಡಿಯಲ್ಲಿ, ಸರಕಾರಿ ಕಡತಗಳು ‘ಕುಡಚಿ ಲೋಕಲ್’ ಎಂದು ಕರೆಯುವ ಬದನಿಗಿಡ ಮಾತಿಗೆ ಸಿಕ್ಕಿತು. ಮೇ ತಿಂಗಳ ಮಟಮಟ ಮಧ್ಯಾಹ್ನ.

* ತುಂಬಾ ಬಾಡಿದ್ದೀರಿ. ಒಂದು ಕೊಡ ನೀರು ತರಲೇ?

ಬ್ಯಾಡ್ರಿ ಮಾರಾಯ್ರ! ಬಿಸಿಲಿಗೆ ಎಲಿ ಜೋತು ಬಿಟ್ಟೇನಿ, ಸಂಜೀಕ ಏಳ್ತೀನಿ. ಇದು ಎರಿಮಣ್ಣು. ಮ್ಯಾಲ ಬಿರುಕು ಬಿಟ್ಟಿದ್ರೂ ಕೆಳಗ ಹಸಿ ಇರ್ತೈತಿ, ಬೆರಳು ಚುಚ್ಚಿ ನೋಡ್ರಿ. ಕನಿಕರ ಮಾಡಿ ನೀರು ಸುರಿದು ಬೇರು ಕೊಳಿಸಿದವ್ರ ಹೆಚ್ಚು. ಸಂಜೀಕೂ ಏಳಲಿಲ್ಲ ಅಂದ್ರ ಗಾಬರಿ ಆಗ್ರಿ, ಅದು ಸೊರಗು ರೋಗ ಇರಬಹುದು.

* ಹೂ ಉದುರಿಬಿಟ್ಟಿವೆಯಲ್ಲ?

ಬಿಸಿಲು 35 ಡಿಗ್ರಿ ದಾಟಿದ್ರ ಹೂವು ಕಾಯಿ ಕಚ್ಚೂದು ಕಷ್ಟರಿ. ಮಾಲಕರು ಯೂರಿಯಾ ತಂದು ಹಾಕಿದ್ರು, ಎಲಿ ಬಂದುವು. ಅವರು ಹೊಲದಾಗ ಸುಡೂ ಕಬ್ಬಿನ ರವದಿ ಐತಲ್ಲ, ಅದರಾಗಿಂದು ಒಂದು ಹೊರಿ ತಂದು ನನ್ನ ಬುಡಕ್ಕ ಹಾಸಿದ್ರ ಮಣ್ಣಾದ್ರೂ ತಂಪ ಇರ್ತಿತ್ತು.

* ಕಬ್ಬಿನ ಮೇಲೆ ಹೊಟ್ಟೆಕಿಚ್ಚೇ?

ಇಲ್ಲೇನ್ರಿ ಮತ್ತ! ಚಿಕ್ಕೋಡಿಯಿಂದ ಕಾಗವಾಡತನ ಅದರದೇ ದರ್ಬಾರು. ಎಕರೆಗಟ್ಟಲೆ ಕಬ್ಬು ಕಳಿಸಿದವ್ರು ಸಂತ್ಯಾಗ ಅರ್ಧ ಕಿಲೋ ಬದನಿಕಾಯಿಗೆ ಚೌಕಾಶಿ ಮಾಡ್ತಾರ. ಕಬ್ಬಿಗೆ ಕುಳೆ ಬಿಡ್ತಾರ, ನನ್ನನ್ನ ಕಿತ್ತು ತಿಪ್ಪಿಗೆ ಒಗೀತಾರ. ನಂಗೂ ಕುಳೆ ಐತ್ರಿ! ಮಳಿ ಹಿಡಿಯೂ ಮುಂದ ಗೇಣುದ್ದ ಬಿಟ್ಟು ಸವರ್ರಿ, ಮತ್ತ ಚಿಗೀತೀನಿ.

* ನಿಮ್ಮ ಮನೆತನದ ಬಗ್ಗೆ?

ಮೆಣಸಿನಕಾಯಿ, ಟಮಾಟಿ, ಬಟಾಟಿ ಎಲ್ಲಾ ದಾಯಾದಿಗಳು. ಅವರೆಲ್ಲ ಅಮೆರಿಕಾದಿಂದ ಹಡಗು ಹತ್ತಿ ಬಂದವ್ರು. ಶತಮಾನಗಳಿಂದ ಇಲ್ಲೇ ಇದ್ದಾಂವ ನಾನು, ನನಗ ‘ಲೋಕಲ್’ ಅಂತಾರ. ನಿಪ್ಪಾಣಿ ತಂಬಾಕೂ ನಮ್ಮ ಪೈಕಿನ. ಅವನ ದರಕ್ಕ 1981ರಾಗ ರೈತರು ಹೆದ್ದಾರಿ ಮ್ಯಾಲ ಕುಂತರು. ನನ್ನ ದರ ಬಿದ್ರ ನನ್ನನ್ನ ಹೆದ್ದಾರಿ ಮ್ಯಾಲ ಸುರೀತಾರ. ಅಂದಹಂಗ, ಒಂದ ಮಡ್ಯಾಗ ನಮ್ಮವರನ್ನ ಒಬ್ಬರ ಹಿಂದ ಒಬ್ಬರನ್ನ ಹಚ್ಚಬ್ಯಾಡ್ರಿ. ಆಸ್ತಿ ಹಂಚಿಕೊಳ್ಳಾಕ ಜಗಳ ಆಡ್ತೀವಿ, ರೋಗ ಮಾತ್ರ ಸಮನಾಗಿ ಹಂಚ್ಕೋತೀವಿ. ನಡುವ ಚವಳಿನೋ ಮೆಂತೆನೋ ಬರ್ಲಿ.

* ಬಿಟಿ ಬದನೆಯ ಗದ್ದಲದಲ್ಲಿ ನಿಮ್ಮ ಹೆಸರು ಕೇಳಿಬಂದಿತ್ತು.

ಬಂತಲ್ರಿ! ಮಾಲಾಪುರ, ಮಂಜರಿ ಗೋಟಾ, ರಬಕವಿ, ಉಡುಪಿ, ಇನ್ನೊಂದು 112 ನಂಬರಿಂದು, ಮತ್ತ ನಾನು. ಆರು ಮಂದಿಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಮಹಿಕೋ ಕಂಪನಿ ಸೇರಿ ಮಣ್ಣಿನ ಬ್ಯಾಕ್ಟೀರಿಯಾದ ವಂಶವಾಹಿ ಕೂಡಿಸಾಕ ಹೊಂಟಿದ್ರು. ಕುಡಿ ಕೊರಿಯೂ ಹುಳ ಸಾಯಲಿ ಅಂತ. 2009ರ ಅಕ್ಟೋಬರದಾಗ ದಿಲ್ಲಿ ಸಮಿತಿ ಹೂಂ ಅಂತು. 2010ರ ಫೆಬ್ರುವರಿ 9ಕ್ಕ ಮಂತ್ರಿ ಜೈರಾಮ್ ರಮೇಶ್ ತಡೀರಿ ಅಂದ್ರು. ಆಮ್ಯಾಲ ಇನ್ನೊಂದು ದೂರು: 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಒಪ್ಪಿಗಿ ಕೇಳದ ನಮ್ಮನ್ನ ಬಳಸ್ಯಾರ ಅಂತ. 2011ರಾಗ ಜೀವವೈವಿಧ್ಯ ಪ್ರಾಧಿಕಾರ ಕಾನೂನು ಕ್ರಮ ತಗೋತೀವಿ ಅಂತು. ತಪ್ಪು ಮಾಡೀರಿ ಅಂತ ಇವರು, ಮಾಡಿಲ್ಲ ಅಂತ ಅವರು. ಕೋರ್ಟು-ಕಚೇರಿ ತಿರುಗಿದ ಏಕೈಕ ಪಲ್ಯಾ ನಾನ ಇರಬೇಕು.

* ಹುಳದ ಕಾಟ ಸುಳ್ಳಲ್ಲವಲ್ಲ?

ಖರೆ ಐತಿ. ಹುಳ ಹೊಕ್ಕ ಕುಡಿ ಬಾಡಿ ಜೋತು ಬೀಳ್ತೈತಿ. ಈ ಮನಿ ಅಜ್ಜಿ ಅದನ್ನ ಉಗುರಿಲೆ ಚಿವುಟಿ ಒಲಿಗೆ ಹಾಕತಿದ್ಲು. ಆ ತಂತ್ರಜ್ಞಾನಕ್ಕ ಯಾವ ಸಮಿತಿಯೂ ಕುಂದರಲಿಲ್ಲ.

* ಹತ್ತು ಗಿಡಕ್ಕೆ ಅಜ್ಜಿ ಸಾಕು. ಹತ್ತು ಎಕರೆಗೆ?

ನೀವು ಬಂದಿದ್ದು ಹಿತ್ತಲಕ್ಕೋ ಹೊಲಕ್ಕೋ? (ಗಿಡಕ್ಕೆ ಸಿಟ್ಟು ಬಂದಿತ್ತು. ಪ್ರಶ್ನೆ ನ್ಯಾಯವಾದದ್ದೇ ಎಂದು ನನಗೆ ಈಗಲೂ ಅನಿಸುತ್ತದೆ.)

* ಉಡುಪಿಯ ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿತು. ನಿಮಗೆ?

ಅವರಿಗೆ ವಾದಿರಾಜ ಸ್ವಾಮಿಗಳು ಬೀಜ ಕೊಟ್ಟರು ಅಂತ ಕಥಿ ಐತ್ರಿ. ನಮಗ ಬೀಜ ಕೊಟ್ಟಾಕಿ ಮಗ್ಗಲ ಮನಿ ಅಕ್ಕ. ಅಕೀ ಮ್ಯಾಲ ಯಾರು ಕಥಿ ಕಟ್ಟಬೇಕು? ಇರ್ಲಿ ಬಿಡ್ರಿ. ಅಥಣ್ಯಾಗ ಹೊಲಿದ ಚಪ್ಪಲಿ ಕೊಲ್ಹಾಪುರದ ಹೆಸರು ಹೇಳ್ಕೊಂಡು ಊರೂರು ತಿರುಗ್ತೈತಿ. ನನ್ನ ಹೆಸರಿನ ಮುಂದ ಕುಡಚಿ ಅಂತರ ಉಳಿದೈತಿ.

* 2019ರಲ್ಲಿ ಕೃಷ್ಣಾ ನದಿ ಉಕ್ಕಿದಾಗ?

ಹಿತ್ತಲೆಲ್ಲ ಹೊಳಿ ಆತು. ನಮ್ಮ ಪೀಳಿಗಿ ಮುಗೀತು ಅನಕೊಂಡಿದ್ರು. ಅಜ್ಜಿ ಬೂದಿಯಾಗ ಕಲಿಸಿ ಅಟ್ಟಕ್ಕ ಇಟ್ಟ ಬೀಜ ಇದ್ದುವು.

* ಅಲ್ಲೊಂದು ಕಾಯಿ ಹಳದಿ ತಿರುಗಿದೆ. ಬೀಜಕ್ಕೆ ಒಯ್ಯಲೇ?

ಒಪ್ಪಿಗಿ ಪತ್ರ ತಂದೀರೇನು?

* ಅಯ್ಯೋ, ಇಷ್ಟಕ್ಕೂ ಬೇಕೇ?

ಬೆಳಕೊಂಡು ತಿನ್ನೂ ಊರಮಂದಿಗೆ ಕಾಯ್ದೆನ ವಿನಾಯ್ತಿ ಕೊಟ್ಟೈತ್ರಿ. ಪತ್ರಕರ್ತರ ಹೆಸರು ಅದರಾಗ ನಾ ಕಂಡಿಲ್ಲ.