ಗಿರಾಕಿಯನ್ನು ನೀವೇ ಆರಿಸಿಕೊಳ್ಳಿ!

ನಿಮ್ಮ ಬಾಳನ್ನು ಹಸನು ಮಾಡುವವರ ಜೊತೆಗಷ್ಟೇ ವ್ಯವಹಾರ ಇಟ್ಟುಕೊಳ್ಳಿ, ಉಳಿದವರಿಗೆ ದೂರದಿಂದಲೇ ಕೈಮುಗಿಯಿರಿ. ಈ ಉಪದೇಶ ಈಗ ಬೆಳಗೆದ್ದರೆ ಮೊಬೈಲಿಗೆ ಬರುತ್ತದೆ. ಕೋಟು ತೊಟ್ಟವರು ಹೇಳುತ್ತಾರೆಂದ ಮೇಲೆ ಸುಳ್ಳಿರಲಾರದು. ಜಮಖಂಡಿ, ಮುಧೋಳ ಕಡೆ ಇದನ್ನು ಜಾರಿಗೆ ತರಲು ಒಂದೇ ತೊಡಕು. ನಾವು ಬೆಳೆಯುವುದು ಕಬ್ಬು.

ಕಡಿದ ಕಬ್ಬು ಗಿರಾಕಿಯ ಗುಣನಡತೆ ವಿಚಾರಿಸುವತನಕ ಕಾಯುವುದಿಲ್ಲ. ಫಡದಲ್ಲಿ ಬಿದ್ದ ಗಳಿಗೆಯಿಂದ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ರೈತನಿಗೆ ಆಯ್ಕೆಯ ತಲೆನೋವು ಬೇಡವೆಂದು ಸರಕಾರವೂ ಮುತುವರ್ಜಿ ವಹಿಸಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಯಾವ ಸೀಮೆಯ ಕಬ್ಬು ಯಾವ ಕಾರ್ಖಾನೆಗೆ ಎಂದು ಮೀಸಲಿಡಬಹುದು. 2006ರಲ್ಲಿ ಇನ್ನೊಂದು ಕಲಂ ಸೇರಿತು: ಹೊಸ ಕಾರ್ಖಾನೆ ಹಳೆಯದರಿಂದ ಕನಿಷ್ಠ 15 ಕಿ.ಮೀ. ದೂರವಿರಬೇಕು. ಮಗ್ಗುಲಲ್ಲೇ ಎರಡನೇ ಗಿರಾಕಿ ಬಂದು ಕುಳಿತರೆ ಮೊದಲನೆಯವರ ಬಾಳು ಹಸನಾಗುವುದು ಹೇಗೆ? ಅದೇ ಆದೇಶದಲ್ಲಿ 14 ದಿನದೊಳಗೆ ಬಿಲ್ಲು ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ. 15ರ ಬಡ್ಡಿ ಎಂದೂ ಇದೆ. ಆ ಬಡ್ಡಿಯ ಬಗ್ಗೆ ಭಾಷಣ ಮಾಡಿದವರನ್ನು ಬಹಳ ನೋಡಿದ್ದೇನೆ. ಎಣಿಸಿ ಕಿಸೆಗೆ ಹಾಕಿಕೊಂಡವರು ಇನ್ನೂ ಭೇಟಿಯಾಗಿಲ್ಲ.

ನಮ್ಮ ಕಾಕಾ ಒಬ್ಬರು ಮೊಬೈಲಿನ ಮಾತು ನಂಬಿ ಕಾರ್ಖಾನೆಯ ಫೀಲ್ಡಮನ್ನನ ಬೈಕಿಗೆ ಅಡ್ಡ ನಿಂತರು.

"ಸಾಹೇಬ್ರ, ಇನ್ನ ಮ್ಯಾಲ ನಮ್ಮನ್ನ ಉದ್ಧಾರ ಮಾಡೋರ ಜೋಡಿ ಅಷ್ಟ ವ್ಯವಹಾರ ಮಾಡಬೇಕಂತ ಮಾಡೇನ್ರಿ."

ಫೀಲ್ಡಮನ್ ಗಾಡಿ ಬಂದ್ ಮಾಡಲಿಲ್ಲ. "ಛಲೋ ಆತ್ರಿ ಕಾಕಾ. ಹಂಗಾರ ನಿಮ್ಮ ಕಟಾವಿನ ಚೀಟಿ ಶಿವರಾತ್ರಿ ಮುಂದ ನೋಡೂಣು."

ಅಂದೇ ರಾತ್ರಿ ಕಾಕಾನ ಹೊಲದಲ್ಲಿ ಕಟಾವು ಗ್ಯಾಂಗಿನವರಿಗೆ ಬಾಡೂಟ, ಡ್ರೈವರನಿಗೆ ಖುಷಾಲಿ.

2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ರಸ್ತೆಗೆ ಕುಳಿತರು. ಬೆಂಗಳೂರಿನಲ್ಲಿ 3,300 ಎಂದು ಇತ್ಯರ್ಥವಾಯಿತು. ಅದರಲ್ಲೂ 50 ರೂಪಾಯಿ ಸರಕಾರದ್ದು. ಕೊಳ್ಳುವವನ ಕೈ ಹಿಡಿದು ರೊಕ್ಕ ಕೊಡಿಸಲು ಮುಖ್ಯಮಂತ್ರಿಯೇ ಬೇಕಾಗುವ ಪೇಟೆ ಇದು. ಮುಧೋಳದವರು ಅದಕ್ಕೂ ಒಪ್ಪದೆ ಹೋರಾಟ ಮುಂದುವರಿಸಿದರು. ಉಪದೇಶ ಅವರಿಗೆ ತುಸು ಹೆಚ್ಚೇ ನಾಟಿರಬೇಕು.

ಬೀಳಗಿಯವರದು ಇನ್ನೂ ಸಲೀಸು. ಆಲಮಟ್ಟಿ ಅಣೆಕಟ್ಟಿನ ನೀರು 519.6 ಮೀಟರಿನಿಂದ 524.256ಕ್ಕೆ ಏರಬೇಕು ಎಂದಾಗ ಮುಳುಗುವ ಹೊಲಕ್ಕೆ ಗಿರಾಕಿ ಒಬ್ಬನೇ, ಸರಕಾರ. ಆತ ಅಂಗಡಿಗೆ ಬರುವುದಿಲ್ಲ, ನೋಟೀಸು ಕಳಿಸುತ್ತಾನೆ.

ರಬಕವಿ-ಬನಹಟ್ಟಿಯ ನೇಕಾರನಿಗೆ ಮಾತ್ರ ಮಾಲಕರನ್ನು ಬದಲಿಸುವ ಪೂರ್ಣ ಸ್ವಾತಂತ್ರ್ಯವುಂಟು. ನೂಲು ಮಾಲಕರದು, ನೇಯ್ದ ಸೀರೆ ಮಾಲಕರದು, ಮಜೂರಿ ತನ್ನದು. ಅದೂ ಮಗಳ ಮದುವೆಗೆ ತಂದ ಮುಂಗಡ ಮುರಿದುಕೊಂಡು ಉಳಿದಷ್ಟು. ಈ ಮಾಲಕರಿಂದ ಬಾಳು ಹಸನಾಗುತ್ತಿಲ್ಲ ಅನಿಸಿದರೆ ಹಳೆಯ ಬಾಕಿ ತೀರಿಸಲು ಹೊಸ ಮಾಲಕರ ಹತ್ತಿರ ಹೊಸ ಬಾಕಿ ಮಾಡಿ ಹೊರಡಬಹುದು. ಮಾಲಕರ ಸುಖ ಕೇಳಿದಿರಾ? ಅವರ ಸೀರೆ ಮಹಾರಾಷ್ಟ್ರದ ಪೇಟೆಗೆ ಉದ್ರಿಯಲ್ಲಿ ಹೋಗಿರುತ್ತದೆ. ಅಲ್ಲಿನ ಸೇಟು ಫೋನಿನಲ್ಲಿ ಬಹಳ ಪ್ರೀತಿಯಿಂದ ಮಾತಾಡುತ್ತಾರೆ.

ಇಡೀ ಸೀಮೆಯಲ್ಲಿ ಈ ಸೂತ್ರವನ್ನು ಅಕ್ಷರಶಃ ಪಾಲಿಸಿದವನೆಂದರೆ ಕಟಾವು ಗ್ಯಾಂಗಿನ ಮುಕಾದಮ. ಹಂಗಾಮಿಗೆ ಮುಂಚೆ ತನ್ನ ಬಾಳು ಹಸನು ಮಾಡುವ ಮೂವರು ಟ್ರ್ಯಾಕ್ಟರ್ ಮಾಲಕರನ್ನು ಜಾಗರೂಕತೆಯಿಂದ ಆರಿಸಿ, ಮೂವರಿಂದಲೂ ಲಕ್ಷಗಟ್ಟಲೆ ಮುಂಗಡ ಪಡೆದ. ದೀಪಾವಳಿ ಕಳೆದರೂ ಗ್ಯಾಂಗಿಲ್ಲ, ಫೋನೂ ಹತ್ತುತ್ತಿಲ್ಲ. ಮೂವರೂ ಸೇರಿ ಒಂದೇ ಜೀಪು ಮಾಡಿಕೊಂಡು ಅವನ ಊರು ಹುಡುಕಿಕೊಂಡು ಹೋಗಿದ್ದಾರೆ. ಜೀಪಿನ ಬಾಡಿಗೆ ಮಾತ್ರ ಉದ್ರಿಯಂತೆ.